ಮೂಗ ಸೋಡಾ

ಕೊಪ್ಪಳ ಜಿಲ್ಲೆಯಾದ ಮರುವರ್ಷದ ಬೇಸಿಗೆಯಲ್ಲಿ, ಅಳವಂಡಿಯ ನಮ್ಮ ಮನೆಯ ಪಡಸಾಲೆಯಲ್ಲೇ ನಾನು ಸೋಡಾ ಮಾಡಲು ಶುರು ಮಾಡಿದೆ. ಗಂಗಾವತಿಯಿಂದ ಅಕ್ಕಿ ಗಿರಣಿಯ ಗುಜರಿ ಕಬ್ಬಿಣ ತಂದು, ಗೋಲಿ ಬಾಟಲಿ ಕೂಡಿಸುವ ಚೌಕಟ್ಟು ಮಾಡಿಸಿದ್ದೆ. ಸಿಲಿಂಡರಿನಿಂದ ಕೊಳವೆಯಲ್ಲಿ ಗ್ಯಾಸು ಬರುತ್ತಿತ್ತು. ಹಿಡಿಕೆ ತಿರುವಿದರೆ ಬಾಟಲಿ ಲಾಗ ಹೊಡೆದು, ಗ್ಯಾಸು ನೀರಿಗೆ ಬೆರೆತು, ಗೋಲಿ ಬಾಯಿಗೆ ಬಂದು ಕೂಡುತ್ತಿತ್ತು. ಬಾಟಲಿ ಒಡೆದರೆ ಗಾಜು ಹಾರದಿರಲೆಂದು ಮೇಲೊಂದು ತಗಡಿನ ಮುಚ್ಚಳ.

ತಿರುವುವವನು ನಾನು, ಎದುರಿಗೆ ಕೂತು ಬಾಟಲಿ ಇಟ್ಟು ತೆಗೆಯುವವಳು ನನ್ನ ಹೆಂಡತಿ. ಮುಚ್ಚಳವಿದ್ದರೂ ಅವಳು ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದಳು. ನಾನು ನಗುತ್ತಿದ್ದೆ.

ನಮ್ಮ ಕಡೆ ಸೋಡಾದ ಗುಣವನ್ನು ನಾಲಿಗೆಗಿಂತ ಮೊದಲು ಕಿವಿ ನೋಡುತ್ತದೆ. ಗೋಲಿ ಒತ್ತಿದ ಸಪ್ಪಳ ಓಣಿಗೆಲ್ಲ ಕೇಳಬೇಕು. ಒಂದು ಸಂತೆಯ ದಿನ ಮಿರ್ಚಿ ಅಂಗಡಿಯವನು ನನ್ನ ಬಾಟಲಿ ಒತ್ತಿ, ಕಿವಿಗೆ ಹಿಡಿದು, ಗಿರಾಕಿಗಳ ಮುಂದೆ ಅಂದ: "ಏನ್ ಮಾವಾ, ನಿನ್ ಸೋಡಾ ಮೂಗ ಐತಲ್ಲ! ದವಾಖಾನಿಗೆ ಒಯ್ದು ತೋರ್ಸು."

ಎಲ್ಲರೂ ನಕ್ಕರು.

ಮನೆಗೆ ಬಂದವನೇ ಗ್ಯಾಸು ಏರಿಸಿದೆ. ಗೋಲಿ ಟಕ್ಕೆಂದು ಬಿಗಿಯಾಗಿ ಕೂತದ್ದು ಮುಚ್ಚಳವಿದ್ದರೆ ಕೇಳಿಸುವುದಿಲ್ಲ. ಅದನ್ನೂ ಬಿಚ್ಚಿ ಗೋಡೆಗೆ ಆನಿಸಿಟ್ಟೆ.

"ಮುಚ್ಚಳ ಹಾಕ್ರಿ. ಈ ಬಾಟ್ಲಿ ಕುತಿಗ್ಯಾಗ ಗೆರಿ ಕಾಣಾಕತ್ತೈತಿ," ಅಂದಳು ಎದುರಿಗೆ ಕೂತ ಹೆಂಡತಿ.

"ಅದು ಗೀಚಿದ್ದು. ನಿನಗೇನ್ ತಿಳಿತೈತಿ? ಇಡು."

ಇಟ್ಟಳು. ತಿರುವಿದೆ. ಟಕ್ ಎನ್ನಲಿಲ್ಲ. ಯಾಕೆಂದು ನೋಡಲು ಅವಳು ಬಗ್ಗಿದಳು. ಅದನ್ನು ಕಂಡೂ ನಾನು ಇನ್ನೊಂದು ಸುತ್ತು ತಿರುವಿದೆ. ಬಾಟಲಿ ಸಿಡಿಯಿತು.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಅವಳ ಅಣ್ಣ ನನ್ನ ಪಕ್ಕದಲ್ಲೇ ನಿಂತಿದ್ದ.

"ಮುಚ್ಚಳ ಆಕಿನಾ ತಗದಿದ್ಲರಿ. ಬ್ಯಾಡಂದ್ರೂ ಕೇಳಲಿಲ್ಲ," ಅಂದುಬಿಟ್ಟೆ.

ಅರ್ಧ ಮುಖಕ್ಕೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದವಳು, "ಹೌದ್ರಿ, ನಂದಾ ತಪ್ಪು," ಅಂದಳು. ಎಡಗಣ್ಣು ಉಳಿಯಲಿಲ್ಲ.

ಯಂತ್ರವನ್ನು ಆ ಬೇಸಿಗೆಯಲ್ಲೇ ಗುಜರಿಗೆ ಹಾಕಿದೆ. ಆಡಿದ ಮಾತು ಮಾತ್ರ ಮನೆಯಲ್ಲೇ ಉಳಿದು ಬೆಳೆಯಿತು. ಇವತ್ತಿಗೂ ಒಂದೇ ಕಣ್ಣಿನ ಅಂದಾಜು ತಪ್ಪಿ ಅವಳು ತಾಟಿನ ಹೊರಗೆ ಸಾರು ಸುರಿದಾಗ ಮಗ ಅನ್ನುತ್ತಾನೆ: "ಯವ್ವಾ, ಅಪ್ಪ ಬ್ಯಾಡಂದಾಗ ಕೇಳಬೇಕಿತ್ತು ನೋಡು." ಅವಳು ನೆಲ ಒರೆಸುತ್ತಾಳೆ, ನನ್ನ ಕಡೆ ನೋಡುವುದಿಲ್ಲ. ನಾನು ಊಟ ಮುಗಿಸುತ್ತೇನೆ.

ಮಕ್ಕಳೇ, ಇದನ್ನು ಓದಿದ ಕೂಡಲೇ ನಿಮ್ಮ ಅವ್ವನ ಹತ್ತಿರ ಹೋಗಿ. ನನ್ನ ಹತ್ತಿರ ಆಮೇಲೆ ಬನ್ನಿ, ಬರಬೇಕೆನಿಸಿದರೆ.