ತಂತಿ ಮುಟ್ಟದ ಕೈ

ಎಪ್ಪತ್ತು ದಾಟಿದ ಹೆಂಗಸೊಬ್ಬರು ಮೊಣಕಾಲಿನ ತನಕದ ಫ್ರಾಕು ತೊಟ್ಟು, ಹಾಡಹಗಲೇ ಮನೆಯ ಮುಂದಿನ ಕಟ್ಟೆಯಲ್ಲಿ ಕೂತು ತಂತಿ ಮೀಟುತ್ತಿದ್ದರು. ಘಟ್ಟದ ಕೆಳಗಿನ ಬಂದರು ಊರಿನ ಮಂಗೋರ್ ಹಿಲ್‌ನಲ್ಲಿ ಬಾಡಿಗೆ ಕೋಣೆ ಕೇಳಲು ಹೋದ ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. ಇಂಡಿ ಕಡೆಯ ನಮ್ಮೂರಲ್ಲಿ ಏಕತಾರಿ ಗಂಡಸರ ಸೊತ್ತು. ಅಪ್ಪ ಭಜನೆ ಮುಗಿಸಿ ಬಂದು ಅದನ್ನು ಗೂಟಕ್ಕೆ ತೂಗುಹಾಕಿದರೆ, ಧೂಳು ಒರೆಸುವುದಕ್ಕಷ್ಟೇ ನನ್ನ ಕೈಗೆ ಸಿಗುತ್ತಿತ್ತು.

ಅವರನ್ನು ಎಲ್ಲರೂ ಮಾಯ್ ಎನ್ನುತ್ತಿದ್ದರು. ಕೊಂಕಣಿಯಲ್ಲಿ ತಾಯಿ ಎಂದು. ಅವರ ಕೈಯಲ್ಲಿದ್ದದ್ದು ಉಕುಲೇಲೆ, ಗಿಟಾರಿನ ಮರಿಯಂತಿರುವ ನಾಲ್ಕು ತಂತಿಯ ವಾದ್ಯ. ಮನೆಯ ಹಿಂಬದಿಯ ಕೋಣೆಯನ್ನು ವರ್ಷಗಟ್ಟಲೆ ನಮ್ಮ ಕಡೆಯವರಿಗೇ ಕೊಟ್ಟು ಕೊಟ್ಟು ನಮ್ಮ ಕನ್ನಡವನ್ನೂ ಕಲಿತಿದ್ದರು. ಆ ಕೋಣೆ ನಮಗೂ ಸಿಕ್ಕಿತು. ಗಂಡ ಬಂದರಿನ ಕೆಲಸಕ್ಕೆ ಹೋದ ಮೇಲೆ ನಾನು ಮಾರಲು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆ ಸದ್ದು ಗೋಡೆಯಾಚೆ ಮಾಯ್‌ಗೆ, ಅವರ ತಂತಿಯ ಸದ್ದು ನನಗೆ. ಗುರುತು ಪರಿಚಯವಿಲ್ಲದ ಮೊದಲ ತಿಂಗಳುಗಳಲ್ಲಿ ನನಗಿದ್ದ ಸಂಗಾತ ಅಷ್ಟೇ.

ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ನಾವು ಹತ್ತಿದ ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತಿತು. ನಮ್ಮಲ್ಲಿ ಹೆಣವನ್ನು ಕೂರಿಸಿ, ಮಣ್ಣಿಗೆ ಒಯ್ಯುವ ತನಕ ಮುಂದೆ ಭಜನೆ ಮಾಡುತ್ತಾರೆ. ಹಾಡದೆ ಕಳಿಸುವುದು ಅನಾಥರನ್ನು ಮಾತ್ರ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು, ಭಜನೆಯವರು ಚಹಾ ಕುಡಿದು ಎದ್ದಿದ್ದರು. ಅಪ್ಪನಿಗಾಗಿ ಹಾಡಿದ ಅಪ್ಪನದೇ ಪದವನ್ನು ನಾನು ಕೇಳಲಿಲ್ಲ. ಅದು ಇವತ್ತಿಗೂ ಎದೆಯಲ್ಲಿ ಹಾಗೇ ಕೂತಿದೆ.

ತಿರುಗಿ ಬಂದು ಮಾಯ್ ಮುಂದೆ ಅತ್ತೆ. ಅವರು ಉಕುಲೇಲೆಯನ್ನು ನನ್ನ ತೊಡೆಯ ಮೇಲಿಟ್ಟರು.

“ನಿಮ್ಮಪ್ಪನ ಪದ ಇದರಾಗ ಬಾರಸು. ನಾ ಕಲಸ್ತೀನಿ.”

“ನನಗೆಲ್ಲಿ ಬರ್ತದ್ರಿ ಮಾಯ್. ಇದು ರೊಟ್ಟಿ ಬಡಿಯೋ ಕೈ.”

“ಬಡೀಬ್ಯಾಡ ಹಂಗಾರ. ಸವರು.”

ಏಕತಾರಿಯಲ್ಲಿ ಬೆರಳು ಒಂದೇ ಕಡೆಗೆ ಮೀಟುತ್ತದೆ. ಇಲ್ಲಿ ಕೈ ಇಳಿದು, ಮತ್ತೆ ಏರಬೇಕು. ಸಕಯ್ಲ್ ಎಂದರೆ ಕೆಳಗೆ, ವಯ್ರ್ ಎಂದರೆ ಮೇಲೆ. ಇಳಿಯುವಾಗ ತೋರುಬೆರಳಿನ ಉಗುರು, ಏರುವಾಗ ಬೆರಳಿನ ಮೆತ್ತನೆಯ ಭಾಗ. ನನ್ನ ಕೈ ಇಳಿದಲ್ಲೇ ನಿಲ್ಲುತ್ತಿತ್ತು. ಮಾಯ್ ಮಣಿಕಟ್ಟು ಹಿಡಿದು ಅಲುಗಾಡಿಸಿ, “ಬೋಲ್ಟ್ ಬಿಗದಾರೇನು ಇದಕ್ಕ?” ಎಂದು ನಗುತ್ತಿದ್ದರು. ನಡುನಡುವೆ ತಂತಿಗೆ ತಾಗಿಸದೆ ಕೈಯನ್ನು ಬರಿದೇ ಇಳಿಸುವುದೂ ಇತ್ತು. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

“ಸಪ್ಪಳ ಇಲ್ಲಂದ್ರೂ ಕೈ ನಿಂದ್ರಬಾರ್ದು ನೀಲವ್ವ. ನಿಂತ್ರ ತಾಳ ಹೋತು.”

ಒಂದು ಮಳೆಗಾಲವೆಲ್ಲ ಕಲಿತೆ. ಪಲ್ಲವಿ ಪೂರ್ತಿ ಬಂತು, ಕೊನೆಯ ನುಡಿಯಲ್ಲಿ ಮಾತ್ರ ತಪ್ಪುತ್ತಿದ್ದೆ. ನಾತಾಳಕ್ಕೆ, ಎಂದರೆ ಕ್ರಿಸ್‌ಮಸ್‌ಗೆ, ಇಡೀ ಪದ ಕೇಳುತ್ತೇನೆ ಎಂದಿದ್ದರು ಮಾಯ್. ಅದಕ್ಕೆ ಹತ್ತು ದಿನ ಇರುವಾಗ ಹೋಗಿಬಿಟ್ಟರು.

ಮಾಯ್ ಮಲಗಿದ್ದ ಪೆಟ್ಟಿಗೆಯ ಸುತ್ತ ಮೇಣದಬತ್ತಿಗಳು ಉರಿಯುತ್ತಿದ್ದವು. ಬಂದವರು ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದರು, ಅಷ್ಟೇ. ನನಗೆ ತಡೆಯಲಾಗಲಿಲ್ಲ. ಅಪ್ಪನ ಮುಂದೆ ನನಗೆ ಆಗದ್ದು ಇವರ ಮುಂದಾದರೂ ಆಗಲಿ ಎಂದು, ಕಪಾಟಿನ ಮೇಲಿದ್ದ ಉಕುಲೇಲೆ ತಂದು ಮಾಯ್ ಕಾಲ ಬಳಿ ಕೂತು ಪದ ಎತ್ತಿದೆ. ಪ್ರಾರ್ಥನೆ ನಿಂತಿತು. ಅವರ ಮಗಳು ಸಾಂಡ್ರಾ ಬಂದು ತಂತಿಗಳ ಮೇಲೆ ಅಂಗೈ ಇಟ್ಟಳು.

“ಬ್ಯಾಡ್ರಿ ನೀಲವ್ವ. ನಮ್ಮಲ್ಲಿ ಸಾವಾದ್ರ ಒಂದ್ ವರ್ಷ ಮನ್ಯಾಗ ಬಾರಸಂಗಿಲ್ಲ. ರೇಡಿಯೋನೂ ಹಚ್ಚಂಗಿಲ್ಲ.”

ಸಿಟ್ಟಾಗಿದ್ದರೆ ವಾಸಿಯಿತ್ತು. ಅವಳು ಅಳುತ್ತಿದ್ದಳು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಚರ್ಚಿನಲ್ಲಿ ಏಳನೆಯ ದಿನದ ಪೂಜೆ ಮುಗಿಸಿ ಬಂದ ಸಾಂಡ್ರಾ ಉಕುಲೇಲೆಯನ್ನು ನನ್ನ ಕೋಣೆಗೇ ತಂದಳು. “ಮಾಯ್ ಇದನ್ನ ನಿಮಗs ಕೊಡು ಅಂದಿದ್ಲು,” ಎಂದಳು. ಊರಂಚಿನ ಸಡಾದ ಗುಡ್ಡಕ್ಕೆ ಹೋಗಿ ಬಾರಿಸು, ಅಲ್ಲಿ ಯಾರು ಕೇಳುತ್ತಾರೆ ಎಂದ ಗಂಡ. ಮನಸ್ಸು ಬರಲಿಲ್ಲ. ಊರಿನಿಂದ ಅವ್ವ ಫೋನಿನಲ್ಲಿ, “ಅಷ್ಟು ಮಾಡಿದ ಮುದುಕಿನ್ನ ಹಾಡದs ಕಳಸಿದ್ಯಾ?” ಎಂದು ಕೇಳಿದಳು.

ಈಗ ರೊಟ್ಟಿಯ ಕೆಲಸ ಮುಗಿದ ಮೇಲೆ ಉಕುಲೇಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪನ ಪದವನ್ನು ತುಟಿಯೊಳಗೇ ಅಂದುಕೊಳ್ಳುತ್ತೇನೆ. ತಂತಿಗಿಂತ ಒಂದು ಬೆರಳಷ್ಟು ದೂರದಲ್ಲಿ ಕೈ ಇಳಿಯುತ್ತದೆ, ಏರುತ್ತದೆ. ಸಕಯ್ಲ್, ವಯ್ರ್. ಊರಿನವರು ಇದನ್ನು ಹಾಡು ಎನ್ನುವುದಿಲ್ಲ, ಈ ಮನೆಯವರು ಇದನ್ನು ತಪ್ಪು ಎನ್ನುವುದಿಲ್ಲ. ನಿನ್ನೆ ಕೊನೆಯ ನುಡಿಯೂ ತಪ್ಪದೆ ಬಂತು. ಮುಗಿಸಿ, ಅಭ್ಯಾಸಬಲದಿಂದ ಗೋಡೆಯ ಕಡೆ ಕಿವಿಗೊಟ್ಟೆ.