ಬೆಟ್ಟದ ಮೇಲೂ ಉಪವಾಸ

ಮೊದಲು ಗಿರೀಶನ ಮಾತು ತೊದಲಿತು.

ಅವನ ಬಾಯಿಗೆ ಖರ್ಜೂರ ಹಿಡಿದೆ. "ಹಣ್ಣು ತಾನೆ, ನಡೆಯುತ್ತೆ, ತಿನ್ನೋ." ನನ್ನ ಗಂಡ ಮಗುವಿನಂತೆ ತುಟಿ ಬಿಗಿದ. "ಶಿವರಾತ್ರಿ ಕಣೆ. ನಾಳೆ ತಿಂತೀನಿ."

ನಾವು ನೆಲೆಸಿರುವ ಪರದೇಶದ ಊರು ಎಸ್ಕಿಲ್‌ಸ್ಟುನಾದಿಂದ ರಜೆಗೆಂದು ಉತ್ತರದ ಹಿಮದ ಬೆಟ್ಟಗಳಿಗೆ ಬಂದಿದ್ದೆವು. ಮಧ್ಯಾಹ್ನ ಗಾಳಿ ಜೋರಾಗುತ್ತದೆ ಎಂದು ವಸತಿಗೃಹದವರು ಹೇಳಿದ್ದರು. ಖಾಲಿ ಹೊಟ್ಟೆಯಲ್ಲಿ ಹತ್ತುವುದು ಬೇಡ ಎಂದು ನಾನೂ ಬಡಕೊಂಡೆ. "ಕೈಲಾಸಕ್ಕೆ ಹೋದಂಗಿರುತ್ತೆ ಬಾರೆ" ಅಂದ. ಸ್ವಲ್ಪದರಲ್ಲಿ ತಪ್ಪಿತು.

ಗಾಳಿ ಎದ್ದಾಗ, ಹಿಮದಲ್ಲಿ ದಾರಿ ತೋರಿಸಲು ನೆಟ್ಟ ಕೆಂಪು ಕ್ರಾಸಿನ ಕಂಬಗಳ ಜಾಡು ಹಿಡಿದು ದಾರಿಬದಿಯ ಮರದ ಗುಡಿಸಲಿಗೆ ಅವನನ್ನು ಎಳೆದು ತಂದೆ. ಅವನ ನಡುಕ ನಿಂತಿತು. ಸುಧಾರಿಸಿಕೊಂಡ ಎಂದುಕೊಂಡೆ. ಅವನು ಗ್ಲೌಸ್ ಎಸೆದು ಜಾಕೆಟ್ಟಿನ ಜಿಪ್ ಎಳೆದ.

"ಸೆಖೆ ಕಣೆ."

ಮೊಬೈಲಿಗೆ ಸಿಗ್ನಲ್ ಇಲ್ಲ. ಗುಡಿಸಲಿನ ಗೋಡೆಯಲ್ಲಿ ಎಮರ್ಜೆನ್ಸಿ ಫೋನ್ ಇತ್ತು. ಆ ಕಡೆಯ ಹೆಂಗಸು ಗುಡಿಸಲಿನ ಹೆಸರು ಕೇಳಿದಳು. ನೆಲದ ಥಂಡಿ ತಾಗದಂತೆ ಕೂರಿಸಿ, ಬೆಚ್ಚಗೆ ಸುತ್ತಿ, ಬೆರಳು ಮಾತ್ರ ಉಜ್ಜಬೇಡಿ ಎಂದಳು. ಹಿಂದಿನಿಂದ ಗಿರೀಶನ ಗೊಣಗು: "ಬೇಡ ಕಣೆ, ಸುಮ್ನೆ ಅವರಿಗೆಲ್ಲ ತೊಂದರೆ."

ಕೆನ್ನೆಗೆ ಬಾರಿಸಬೇಕೆನಿಸಿತು. ಸ್ಲೀಪಿಂಗ್ ಬ್ಯಾಗಿಗೆ ತುರುಕಿ, ಅಪ್ಪಿಕೊಂಡು, ಬಾಯಿಗೆ ಬಂದಂತೆ ಬೈಯುತ್ತಾ ಕೂತೆ. ಬೈದರೆ ಎದುರುತ್ತರ ಕೊಡುತ್ತಿದ್ದ, ನಿದ್ದೆಗೆ ಜಾರುತ್ತಿರಲಿಲ್ಲ. ಕೊನೆಗೆ ಹಿಮದ ಮೇಲೆ ಓಡುವ ಸ್ನೋಸ್ಕೂಟರಿನಲ್ಲಿ ರಕ್ಷಣಾ ತಂಡದ ಇಬ್ಬರು ಬಂದರು.

ಆಸ್ಪತ್ರೆಯಲ್ಲಿ ಹೇಳಿದರು: ಹೈಪೋಥರ್ಮಿಯಾ, ಮೈಯ ಶಾಖ ತೀರಾ ಇಳಿದು ಸೆಖೆಯ ಭ್ರಮೆ ಹುಟ್ಟಿದ್ದು; ಫ್ರಾಸ್ಟ್‌ಬೈಟ್, ಬೆರಳು ಚಳಿಗೆ ಹೆಪ್ಪುಗಟ್ಟಿದ್ದು.

"ಕೊನೆಯ ಸಲ ತಿಂದದ್ದು ಯಾವಾಗ?" ಡಾಕ್ಟರ್ ಕೇಳಿದರು.

"ನಿನ್ನೆ ರಾತ್ರಿ."

"ಯಾಕೆ?"

ಶಿವರಾತ್ರಿಯನ್ನು ವಿವರಿಸಲಿಲ್ಲ. ದೇವರ ಮೇಲೆ ಯಾಕೆ ಹಾಕಲಿ? "ಹಠ, ಡಾಕ್ಟರ್" ಎಂದೆ.

ವಿಡಿಯೋ ಕಾಲಿನಲ್ಲಿ ಅತ್ತೆ ಕಣ್ಣೊರೆಸಿಕೊಂಡರು. "ಉಪವಾಸದ ಪುಣ್ಯ ಕಣಮ್ಮ, ಶಿವ ಕಾಪಾಡಿದ." ಮೈಯೆಲ್ಲ ಉರಿಯಿತು. ಆ ಗಾಳಿಯಲ್ಲಿ ಬಂದ ಇಬ್ಬರ ಹೆಸರನ್ನೂ ನಾನು ಕೇಳಿಕೊಂಡಿರಲಿಲ್ಲ. ಶಿವನೇ ಕಳಿಸಿದ್ದರೂ ಕಳಿಸಿರಲಿ. ಹಸಿದುಕೊಂಡು ಹಿಮ ಹತ್ತು ಎಂದು ಅವನಂತೂ ಹೇಳಿರಲಿಲ್ಲ.

ಈಗ ಮನೆಯಲ್ಲಿದ್ದೇವೆ. ಅವನ ಬಲಗೈಯ ಮೂರು ಬೆರಳ ತುದಿಗಳು ಕಪ್ಪಾಗಿವೆ. ಎಷ್ಟು ಉಳಿಯುತ್ತದೋ ಕಾದು ನೋಡಬೇಕು, ಆತುರದಿಂದ ಕತ್ತರಿಸುವುದಿಲ್ಲ ಎಂದಿದ್ದಾರೆ. ಪ್ರಾಣ ಉಳಿದಿದೆ, ಆ ಋಣ ದೊಡ್ಡದು. ಆದರೂ ರಾತ್ರಿ ಅವನ ಉಸಿರು ಕೇಳುತ್ತಾ ಮಲಗಿದಾಗ, ಒಂದು ಖರ್ಜೂರಕ್ಕೆ ಬಾಯಿ ತೆಗೆಯದವನ ಮೇಲೆ ಸಿಟ್ಟು ಮತ್ತೆ ನೆತ್ತಿಗೇರುತ್ತದೆ.

ಇವತ್ತು ಬೆಳಿಗ್ಗೆ ಮೊಸರನ್ನ ಕಲಸಿ ತಂದೆ. ಎರಡೂ ಕೈಗೆ ಬ್ಯಾಂಡೇಜ್, ನಾನೇ ತಿನ್ನಿಸಬೇಕು.

"ಇವತ್ತು ಸೋಮವಾರ ಅಲ್ವೇನೆ? ನಂದು ಒಪ್ಪತ್ತು..."

"ಬಾಯಿ ತೆಗಿ."

ನನ್ನ ಮುಖ ನೋಡಿದ. ತೆಗೆದ.

ಸಿಟ್ಟು ಇನ್ನೂ ಇಳಿದಿಲ್ಲ. ಇನ್ನೊಂದು ತುತ್ತು ಕಲಸಿದೆ.