ದಾಯಮ್ಮ ತೋರಿಸಿದ ಮಾಸು

ದಾಯಮ್ಮನ ಬಲಗೈ ಹೆಬ್ಬೆರಳು ಸುತ್ತಿಗೆಯಿಂದ ಬಡಿದ ಹಾಗೆ ಚಪ್ಪಟೆಯಾಗಿತ್ತು. ಬಸುರಿ ಇರುವ ಮನೆಗೆ ಕಾಲಿಟ್ಟರೆ ಕುಶಲ ಗಿಶಲ ಒಂದೂ ಇಲ್ಲ. ಆ ಹೆಬ್ಬೆರಳಿನಿಂದ ಹುಡುಗಿಯ ಕೆಳರೆಪ್ಪೆ ಎಳೆದು ಮೈಯಲ್ಲಿ ರಕ್ತ ಇದೆಯೋ ಇಲ್ಲವೋ ನೋಡುವಳು. ಆಮೇಲೆ ಎಡಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ಜ್ವರದ ಗಡ್ಡೆ ಬೆಳೆದಿದೆಯೇ ಅಂತ ತಡವುವಳು. ನಿಜಾಮರ ಕಾಲದ ಕಲಬುರಗಿಯಲ್ಲಿ, ನಮ್ಮ ಶಹಾಬಜಾರದ ಅರ್ಧ ಮಕ್ಕಳು ಆಕೆಯ ಕೈಗೇ ಬಿದ್ದವು. ಬಾಯಿ ಮಾತ್ರ ಭಾರಿ ಹೊಲಸು. ನಾನು ಬೈಗಳು ಕಲಿತದ್ದೇ ಆಕೆಯಿಂದ.

ಆಕೆಯ ಬಗ್ಗೆ ಹೇಳಬೇಕಾದರೆ ನನ್ನ ಅತ್ತೆಯ ಬಗ್ಗೆಯೂ ಹೇಳಬೇಕು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವವರು ಕಿವಿ ಮುಚ್ಚಿಕೊಳ್ಳಲಿ. ಅವರದು ಕಾಳಿನ ವ್ಯಾಪಾರದ ಮನೆ. ಸೊಸೆಯನ್ನು ಕಮಲಾಪುರದಿಂದಲೇ ತರಬೇಕೆಂದು ಅತ್ತೆಯ ಹಟ. ಅದು ನನ್ನ ತವರು; ಅಲ್ಲಿನ ಬಾಳೆತೋಟಗಳಲ್ಲಿ ನೀರು ನಿಂತು ಸೊಳ್ಳೆ, ವರ್ಷಾ ವರ್ಷಾ ಚಳಿಜ್ವರ. ಅಲ್ಲಿ ಬೆಳೆದವರಿಗೆ ಜ್ವರ ಮೈಗೂಡಿರುತ್ತದೆ, ಶಹರದ ಹುಡುಗಿಯರ ಹಾಗೆ ಹಾಸಿಗೆ ಹಿಡಿಯುವುದಿಲ್ಲ ಎಂಬುದು ಆಕೆಯ ಜಾಣತನ. ಸುಳ್ಳೂ ಅಲ್ಲ. ನಾನೂ ನನ್ನಕ್ಕನೂ ಒಂದು ದಿನ ಗಡಗಡ ನಡುಗಿ ಮರುದಿನ ಕೊಡ ಹೊತ್ತು ಬಾವಿಗೆ ಹೋದವರೇ. ನನಗಿಂತ ಮೊದಲು ಹಾಗೆ ಆರಿಸಿ ತಂದ ಸೊಸೆ ನನ್ನಕ್ಕ.

ಕುಬಸ ಮಾಡಿ ಹೆರಿಗೆಗೆ ತವರಿಗೆ ಕಳಿಸುವ ಮೊದಲೇ, ಚೊಚ್ಚಲ ಬಸುರಿನಲ್ಲಿ ಅಕ್ಕನಿಗೆ ಜ್ವರ ಬಂತು. ದವಾಖಾನೆಯ ಕ್ವಿನೈನ್ ಗುಳಿಗೆ ಕೊಡಲೇಬೇಕು ಅಂದಳಂತೆ ದಾಯಮ್ಮ. ಕಹಿ ಗುಳಿಗೆ ಬಸುರು ಇಳಿಸುತ್ತದೆ, ಅದೂ ಅಲ್ಲದೆ ತೋಟದ ಹುಡುಗಿಗೆ ಜ್ವರ ಹೊಸದೇನು ಅಂತ ಅತ್ತೆ. ಮಗುವಿನ ಹಿಂದೆ ಬೀಳುವ ಮಾಸನ್ನು ಹೂಳುವ ಮೊದಲು ತೊಳೆದು ಬಿಸಿಲಿಗೆ ಹಿಡಿದು ನೋಡುವುದು ದಾಯಮ್ಮನ ಪದ್ಧತಿ. ನೋಡಿ ನೋಡಿ ಆಕೆಗೆ ಒಂದು ವಿಷಯ ತಿಳಿದಿತ್ತು. ಆವತ್ತು ಆಕೆ ಹೇಳಿದ್ದು ಇಡೀ ಓಣಿಗೆ ಕೇಳಿಸಿತ್ತು.

"ಸಾವಕಾರ್ತಿ, ಆಕಿ ಮೈ ಜ್ವರ ಕಂಡದ, ಖರೆ. ಆದ್ರ ಮಾಸ ಅಂದ್ರ ಹೊಸಾ ಜಾಗಾ. ಜ್ವರ ಅಲ್ಲಿ ಹೋಗಿ ಅಡಗಿ ಕುಂದರ್ತದ. ಚೊಚ್ಚಲಕ್ಕ ಮೈಗಿ ಆ ಜಾಗಾ ಗೊತ್ತಿರಂಗಿಲ್ಲ. ಎರಡನೇದಕ್ಕ ಕಲೀತದ. ಮೊದಲನೇದು ಉಳಿಸಿಕೋ."

ಅತ್ತೆ ಬಾಯಿಗೆ ಬಂದಂತೆ ಬೈದು ಆಕೆಯನ್ನು ಹೊರಗೆ ಕಳಿಸಿದಳು.

ಎಂಟನೇ ತಿಂಗಳಿಗೆ ಹೆರಿಗೆಯಾಯಿತು. ಆಗ ಕರೆಯದಿದ್ದರೂ ದಾಯಮ್ಮ ಬಂದಳು. ಕೂಸು ಅಳಲೇ ಇಲ್ಲ. ಸುದ್ದಿ ತಿಳಿದು ನಾನೂ ಅವ್ವನೂ ಕಮಲಾಪುರದಿಂದ ಬಂದು ಮುಟ್ಟುವಷ್ಟರಲ್ಲಿ ಅಕ್ಕನೂ ಹೋಗಿದ್ದಳು. ಪಡಸಾಲೆ ತುಂಬ ಬೀಗರು. ದಾಯಮ್ಮ ಕಾಳು ಕೇರುವ ಮೊರದಲ್ಲಿ ಇನ್ನೂ ಹೂಳದ ಮಾಸು ಇಟ್ಟುಕೊಂಡು ಬಂದು ಎಲ್ಲರ ಮುಂದೆ ಅತ್ತೆಯ ಎದುರಿಗೆ ಇಟ್ಟಳು. ಅದು ಮಸಿಗಪ್ಪಾಗಿತ್ತು. "ನೋಡು. ನಿನ್ನ ಮೈಗೂಡಿದ ಜ್ವರ ಇಲ್ಲಿ ಕುಂತಿತ್ತು" ಅಂದಳು. ಅತ್ತೆ ಮುಖ ತಿರುಗಿಸಿದಳು. ನಾನು ತಿರುಗಿಸಲಿಲ್ಲ.

ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ನಮ್ಮಲ್ಲಿ ರೂಢಿ. ಎರಡು ವರ್ಷಕ್ಕೆ ಅದೇ ಮನೆಗೆ, ಅದೇ ಗಂಡಸಿಗೆ ನನ್ನನ್ನು ಕೊಟ್ಟರು. ಅವ್ವ ಅತ್ತಳು. ನಾನು ಅಳಲಿಲ್ಲ, ಆ ಅತ್ತೆ ಮುದುಕಿಯನ್ನು ಸುಮ್ಮನೆ ಬಿಡಬಾರದು ಅಂತಲೇ ಹೋದೆ.

ನನ್ನ ಚೊಚ್ಚಲಕ್ಕೂ ಜ್ವರ ಬಂತು. ಈ ಸಲ ಅತ್ತೆಯೇ ದಾಯಮ್ಮನ ಮನೆಗೆ ಓಡಿದಳು. ದಾಯಮ್ಮ ಬಂದಳು, ಆದರೆ ಕರಾರು ಹಾಕಿ ಬಂದಳು. ಗುಳಿಗೆಯನ್ನು ಅತ್ತೆಯೇ ಜೇನಿನಲ್ಲಿ ಅರೆಯಬೇಕು. ಓಣಿಯ ಹೆಂಗಸರು ಕಾಣುವಂತೆ ಕಟ್ಟೆಯ ಮೇಲೆ ಕೂತು, ಮೊದಲು ತಾನು ನೆಕ್ಕಿ, ಆಮೇಲೆ ನನಗೆ ತಿನ್ನಿಸಬೇಕು. ದಾಯಮ್ಮ ಎದುರಿಗೆ ಕೂತು ನಶ್ಯ ಏರಿಸುತ್ತ, ಪೂರಾ ನೆಕ್ಕು ಸಾವಕಾರ್ತಿ ಅನ್ನುವಳು. ಅತ್ತೆಯ ಮುಖ ಕಿವುಚಿದಂತೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಒಮ್ಮೊಮ್ಮೆ ಬೇಕಂತಲೇ ಉಗುಳಿ ಮತ್ತೆ ಅರೆಸುತ್ತಿದ್ದೆ, ಮತ್ತೆ ನೆಕ್ಕಿಸುತ್ತಿದ್ದೆ. ಪಾಪ ಅಂತ ಒಂದು ದಿನವೂ ಅನ್ನಿಸಲಿಲ್ಲ.

ಮಗ ಹುಟ್ಟಿದ. ಎರಡನೇ ಬಸುರಿನಲ್ಲೂ ಜ್ವರ ಬಂತು, ಎರಡೇ ದಿನಕ್ಕೆ ಬಿಟ್ಟು ಹೋಯಿತು. ಮೈ ಕಲೀತು ನೋಡು ಅಂತ ದಾಯಮ್ಮ ನನ್ನ ಬೆನ್ನು ಗುದ್ದಿದಳು. ನನ್ನ ಐದೂ ಮಕ್ಕಳು ಆಕೆಯ ಕೈಯಲ್ಲೇ ಹುಟ್ಟಿದವು. ಅವ್ವನಿಗಿಂತ ಹೆಚ್ಚು ಅಂದುಕೊಂಡಿದ್ದೆ ಆಕೆಯನ್ನು.

ಕಡೆಗಾಲಕ್ಕೆ ಆಕೆ ಹಾಸಿಗೆ ಹಿಡಿದಾಗ ದಿನಾ ಮಧ್ಯಾಹ್ನ ಗಂಜಿ ಒಯ್ಯುತ್ತಿದ್ದೆ. ಒಂದು ದಿನ ಗಂಜಿ ಬಟ್ಟಲು ಸರಿಸಿ ನನ್ನ ಕೈ ಹಿಡಿದಳು.

"ಬೇಟಿ, ಆವತ್ತು ನಿಮ್ಮತ್ತಿ ಬೈದ್ಲಲ್ಲ, ಗುಳಿಗಿ ನನ್ನ ಕಡಿ ಇದ್ವು. ಓಣಿ ತಿರುವಿನ್ಯಾಗ ನಿಮ್ಮಕ್ಕ ಹಿಂದ ಓಡಿ ಬಂದು ಕೈ ಚಾಚಿದ್ಲು. ನಾ ಕೊಡಲಿಲ್ಲ. ನಿಮ್ಮತ್ತಿ ಬಂದು ನನ್ನ ಕಾಲು ಹಿಡೀಲಿ, ಆಮ್ಯಾಲೆ ಕೊಡ್ತೀನಿ ಅಂತ ಹಟ ಹಿಡಿದೆ."

ನಾನು ಕೈ ಬಿಡಿಸಿಕೊಂಡು ಬಟ್ಟಲು ಹತ್ತಿರಕ್ಕೆ ಎಳೆದೆ.

"ಮಾಫ್ ಮಾಡ್ತಿಯೇನು?" ಅಂತ ಕೇಳಿದಳು. ಮತ್ತೆ ಕೇಳಿದಳು.

ಉಳಿದ ಗಂಜಿ ಕುಡಿಸಿದೆ. ಬಾಯಿ ಒರೆಸಿದೆ. ಬಟ್ಟಲು ಎತ್ತಿಕೊಂಡು ಮನೆಗೆ ಬಂದೆ. ದಾಯಮ್ಮ ಹೋದಳು ಅಂತ ಮರುದಿನ ಬೆಳಿಗ್ಗೆ ಆಕೆಯ ಸೊಸೆ ಬಂದು ಹೇಳಿದಳು.